ಆಯೇರಿ ಇಲ್ಲದ ಆಟ

ಊರಿನ ಕಲೆಯನ್ನು ಉದ್ಧಾರ ಮಾಡಬೇಕೆಂದು ನಾನು ಯಾವತ್ತೂ ಹೊರಟವನಲ್ಲ. ಗೋಕಾಕದ ಪೇಟೆಯಲ್ಲಿ ನನ್ನದು ಕಾಗದ, ಮಸಿ, ಪಾಟಿ, ಬಳಪ ಮಾರುವ ಅಂಗಡಿ. ದೊಡ್ಡವರೆಲ್ಲ ಸೇರಿ ಕಲೆಗೆ ಪ್ರೋತ್ಸಾಹ ಕೊಡಲು ಕಮಿಟಿಯೊಂದನ್ನು ಕಟ್ಟಿದಾಗ ಅವರಿಗೆ ಮೊದಲು ಬೇಕಾದದ್ದು ಕಾಗದ. ಕಾಗದ ಪುಕ್ಕಟೆ ಸಿಗಬೇಕಾದರೆ ಅಂಗಡಿಯವನನ್ನೇ ಚಿಟ್ನೀಸ, ಅಂದರೆ ಕಾರ್ಯದರ್ಶಿ, ಮಾಡಿಬಿಡುವುದು ಸಲೀಸು ಎಂದು ಯಾರಿಗೋ ಹೊಳೆದಿರಬೇಕು. ಪಗಾರವಿಲ್ಲ, ಮಾನ ಮಾತ್ರ.

"ಕಾಗದಾನೂ ನಿಮ್ದ, ಬೈಸಿಕೊಳ್ಳೂದೂ ನಿಮ್ದ. ಭಾಳ ಚೊಲೋ ಉದ್ಯೋಗ ಸಿಕ್ಕೈತಿ ಬಿಡ್ರಿ," ಎಂದಳು ನನ್ನ ಹೆಂಡತಿ.

ನಾನು ಹುಟ್ಟಾ ಚಿಂತೆಯ ಮನುಷ್ಯ. ಮೋಡ ಕವಿದರೆ ಕೊಡೆಯ ಚಿಂತೆ, ಬಿಸಿಲು ಬಿದ್ದರೆ ಬಾವಿಯ ಚಿಂತೆ. ಬೆಳಿಗ್ಗೆ ಲಿಂಗಪೂಜೆಗೆ ಕಣ್ಣು ಮುಚ್ಚಿದರೆ ಶಿವನಿಗಿಂತ ಮೊದಲು ಅಂಗಡಿಯ ಕೀಲಿ ಕಾಣುತ್ತಿತ್ತು. ಇಂಥವನಿಗೆ ಸಾರ್ವಜನಿಕ ಸೇವೆ ಎಂದರೆ ಹುಣ್ಣಿಗೆ ಉಪ್ಪು ಹಚ್ಚಿದ ಹಾಗೆ.

ಕಮಿಟಿಯ ಅಧ್ಯಕ್ಷರು ಹತ್ತಿಯ ದಲಾಲಿ ಅಂಗಡಿ, ಅಂದರೆ ಅಡತಿ, ನಡೆಸುವ ಸಾವಕಾರರು. ಕಲೆಯ ಜೊತೆ ಅವರಿಗಿದ್ದ ಸಂಬಂಧವೆಂದರೆ ಗಾದಿಯ ಹಿಂದೆ ತೂಗುಹಾಕಿದ್ದ ಲಕ್ಷ್ಮಿಯ ಪಟ. ಅವರ ಬಲಗೈ ವಕೀಲರು. ವಕೀಲರು ಪುಣೆಯಲ್ಲಿ ಓದುವಾಗ ಮರಾಠಿ ನಾಟಕಗಳನ್ನು ನೋಡಿದ್ದರು. ಅಂದಿನಿಂದ ಈ ಕಡೆಯ ಯಾವ ಹಾಡು ಕೇಳಿದರೂ ಅವರಿಗೆ ಮೈ ತುರಿಸುತ್ತಿತ್ತು. ಉಳಿದವರು ಚುರಮುರಿ ಇರುವ ದಿನ ಬರುತ್ತಿದ್ದರು. ಹೀಗೆ ಕೆಲವು ತಿಂಗಳು ನಾವು ಚುರಮುರಿಗೆ ಸಾಕಷ್ಟು ಪ್ರೋತ್ಸಾಹ ಕೊಟ್ಟೆವು.

ಅಷ್ಟರಲ್ಲಿ ಊರಿನ ಮುನಸಿಪಾಲಟಿಗೆ ಒಂದು ತಕರಾರು ಬಂತು. ಸಣ್ಣಾಟದಿಂದ ಊರು ಕೆಡುತ್ತಿದೆ, ಅದನ್ನು ಬಂದ್ ಮಾಡಿಸಿ ಎಂದು. ಪರದೆ ಇಲ್ಲದೆ ಬಯಲಿನಲ್ಲಿ ನಾಲ್ಕು ಕಂಬ ನೆಟ್ಟು, ಹಾರ್ಮೋನಿಯಂ ಪೇಟಿ ಬಾರಿಸುತ್ತ, ಹಾಡು-ಮಾತಿನಲ್ಲಿ ಕಥೆ ಹೇಳುವ ಆ ಆಟವನ್ನು ನೋಡದೆ ಬೆಳೆದವರು ನಮ್ಮಲ್ಲಿ ಯಾರೂ ಇಲ್ಲ. ತಕರಾರು ಬರೆದವರಂತೂ ಮುಂದಿನ ಸಾಲಿನಲ್ಲಿ ಕೂತು ನೋಡಿದವರು. ಮುನಸಿಪಾಲಟಿ ಈ ಕೆಂಡವನ್ನು ನಮ್ಮ ಉಡಿಗೆ ಹಾಕಿತು. ಆಟ ಇರಬೇಕೋ ಬೇಡವೋ, ಕಮಿಟಿಯೇ ನೋಡಿ ಹೇಳಲಿ.

ಸುದ್ದಿ ಮುಟ್ಟಿದ ಕೂಡಲೇ ಹುಕ್ಕೇರಿ ಕಡೆಯ ಘೋಡಗೇರಿಯಿಂದ ಮೇಳದ ಯಜಮಾನಿ ನನ್ನ ಅಂಗಡಿಗೆ ಬಂದಳು. ರಾಣಿಯ ಪಾತ್ರಕ್ಕೆ ಸುತ್ತಲೂ ಹೆಸರಾದವಳು. ಪೇಟೆಯೆಲ್ಲ ನಮ್ಮನ್ನೇ ನೋಡುತ್ತಿದೆ ಎಂಬ ಚಿಂತೆಯಲ್ಲಿ ನಾನು ಆಕೆಗೆ ಕೂತುಕೋ ಎನ್ನುವುದನ್ನೂ ಮರೆತೆ. ಆಕೆ ತಾನೇ ಕಟ್ಟೆಯ ಮೇಲೆ ಕೂತಳು.

"ಅಣ್ಣಾರ, ನಿಮ್ಮೂರಾಗ ಆಡಿದ ಮ್ಯಾಳ ಅಂದ್ರ ಹಳ್ಳ್ಯಾಗಿನ ಮಂದಿ ವೀಳ್ಯೆ ಕೊಟ್ಟ ಕರೀತಾರ. ಗೋಕಾಕದಾಗ ಬಂದ್ ಮಾಡ್ಯಾರಂತ ಅಂದ್ರ ಯಾರು ಕರೀತಾರ ನಮ್ಮನ್ನ? ಪೇಟಿ ಅಡಕಲಕ್ಕ ಹಾಕಿ ಮ್ಯಾಳ ಮುರೀಬೇಕಾಗತೈತಿ."

"ಕಮಿಟಿ ವಿಚಾರ ಮಾಡತೈತವ್ವಾ," ಎಂದೆ.

"ನೀವು ಮಾಡೂದಿಲ್ಲೇನ್ರಿ?"

"ನಾ ಬರೀ ಬರಕೊಳ್ಳಾಂವ."

"ಹಂಗಾರ ಚೊಲೋತ್ನ್ಯಾಗ ಬರಕೋರಿ," ಎಂದು ಎದ್ದು ಹೋದಳು.

ಕಮಿಟಿ ವಿಚಾರ ಮಾಡಿತು. ಒಮ್ಮೆಲೇ ಬಂದ್ ಮಾಡುವುದು ಬೇಡ, ಮೊದಲು ಸುಧಾರಿಸೋಣ ಎಂದರು ವಕೀಲರು. ರಾತ್ರಿ ಆಡಿದರೆ ಪುಂಡರು ಕೂಡುತ್ತಾರೆ, ಆದ್ದರಿಂದ ಹಗಲು ಆಡಬೇಕು. ತಾಲೂಕಿನ ಸಾಹೇಬರಾದ ಮಾಮಲೇದಾರರನ್ನು ಕರೆಯುವುದರಿಂದ ಎರಡು ತಾಸಿನಲ್ಲಿ ಮುಗಿಯಬೇಕು. ಹಾಸ್ಯಗಾರನ ಮಾತು ಹೊಲಸು, ಅದನ್ನು ತಾವೇ ಬರೆದುಕೊಡುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಆಯೇರಿ ಬಂದ್.

ಆಯೇರಿ ಎಂದರೆ ಇಷ್ಟೇ. ಹಾಡು ಮನಸ್ಸಿಗೆ ಹಿಡಿಸಿದರೆ ನೋಡುವವರು ನಡುವೆಯೇ ಎದ್ದು ರುಮಾಲೋ ಕುಪ್ಪಸದ ಖಣವೋ ಕೊಡುತ್ತಾರೆ. ಕೂಡಲೇ ಆಟ ನಿಲ್ಲುತ್ತದೆ. ಹಾಸ್ಯಗಾರ ಮುಂದೆ ಬಂದು ಕೊಟ್ಟವರ ಊರು, ಮನೆತನ, ಹೆಸರು ಹೇಳಿ ಹೊಗಳುತ್ತಾನೆ. ಆಮೇಲೆ ಸಾಯುತ್ತಿದ್ದ ರಾಜ ಮತ್ತೆ ಸಾಯಲು ಶುರು ಮಾಡುತ್ತಾನೆ.

"ಕಲಾ ಅಂದ್ರ ಲಿಲಾವ ಅಲ್ಲ," ಎಂದರು ವಕೀಲರು. ಸಾವಕಾರರು ಜೋರಾಗಿ ತಲೆಯಾಡಿಸಿದರು. ದಿನವೂ ಹತ್ತಿಯ ಲಿಲಾವ ಕೂಗಿಸುವವರು ಅವರೇ. ಈ ಕಟ್ಟಳೆಯೊಳಗೆ ಆಡಿ ತೋರಿಸಿದರೆ ಪರವಾನಗಿ, ಇಲ್ಲದಿದ್ದರೆ ಬಂದ್ ಎಂದು ನಾನು ಚೊಲೋತ್ನ್ಯಾಗಿಯೇ ಬರೆದುಕೊಂಡೆ.

ಆಟ ಸಾವಕಾರರ ಅಡತಿಯ ಅಂಗಳದಲ್ಲಿ, ಇಳಿಹೊತ್ತು ಇನ್ನೂ ದೂರವಿದ್ದಾಗ, ಸುಡುವ ಬಿಸಿಲಿನಲ್ಲಿ ಶುರುವಾಯಿತು. ಮಂದಿ ಬಹಳ ಬಂದರೆ ಏನು ಗತಿ ಎಂದು ನಾನು ಮೂರು ದಿನ ಉಂಡಿರಲಿಲ್ಲ. ಮಂದಿ ಬಂದರು, ಕೂತರು, ನೋಡಿದರು. ದೀವಟಿಗೆಯ ಬೆಳಕಿನಲ್ಲಿ ದೇವಲೋಕದವನಂತೆ ಕಾಣುತ್ತಿದ್ದ ರಾಜ ಹಗಲಿನಲ್ಲಿ ನಾಗನೂರಿನ ಸಂತೆಯಲ್ಲಿ ಬದನೆಕಾಯಿ ಮಾರುವವನಂತೆ ಕಂಡ. ಬೆವರಿಗೆ ಮುಖದ ಬಣ್ಣ ಕರಗಿ, ಒಂದು ಕಡೆಯ ಮೀಸೆ ಗದ್ದಕ್ಕೆ ಇಳಿಯಿತು.

ಆಮೇಲೆ ಹಾಸ್ಯಗಾರ ಬಂದ. ಎಂದಿನಂತೆ ಪಲ್ಟಿ ಹೊಡೆಯದೆ, ಕೈಕಟ್ಟಿ ನಿಂತು, ವಕೀಲರು ಬರೆದುಕೊಟ್ಟದ್ದನ್ನು ಒಪ್ಪಿಸಿದ: "ಎಲೈ ಮಹಾರಾಜನೇ, ಹಾಸ್ಯವೆಂಬುದು ಆರೋಗ್ಯಕ್ಕೆ ಹಿತಕರವಾದುದು."

ನನ್ನ ಹಿಂದಿನಿಂದ ಒಬ್ಬ ಮುದುಕಿ ಕೇಳಿದಳು: "ಯಾರ ಸತ್ತಾರಂತೋ ತಮ್ಮಾ?"

ಮಂದಿ ಒಬ್ಬೊಬ್ಬರಾಗಿ ಧೋತರ ಝಾಡಿಸುತ್ತ ಏಳತೊಡಗಿದರು. ಮಂದಿ ಬಂದಾರೆಂಬ ಚಿಂತೆ ಹೋಗಿ, ಮಂದಿ ಹೋದಾರೆಂಬ ಚಿಂತೆ ಹತ್ತಿತು. ವಕೀಲರಿಗೆ ಮಾತ್ರ ಸಮಾಧಾನ. "ಪುಂಡರು ಹೊಂಟಾರ, ಹೋಗಲಿ," ಎಂದರು. ಹಾಗೆ ಹೊರಟ ಪುಂಡರಲ್ಲಿ ಅವರ ಮಾವನವರೂ ಇದ್ದರು.

ರಾಣಿ ಹಾಡಿಗೆ ಎದ್ದಳು. ಬಿಸಿಲು, ಬೆವರು, ಖಾಲಿಯಾಗುತ್ತಿದ್ದ ಅಂಗಳ, ಯಾವುದನ್ನೂ ಲೆಕ್ಕಿಸದೆ ದನಿ ಎತ್ತಿದಳು. ಗೇಟಿನ ಹತ್ತಿರ ಹೋದವರು ಅಲ್ಲೇ ನಿಂತರು. ನಾಗನೂರಿನ ಒಬ್ಬ ಒಕ್ಕಲಿಗ ತಲೆಯ ರುಮಾಲು ಬಿಚ್ಚುತ್ತ ಮುಂದೆ ಬಂದ. ನಾನು ಓಡಿಹೋಗಿ ಅಡ್ಡ ನಿಂತೆ.

"ಆಯೇರಿ ಬಂದ್ ಐತ್ರಿ."

"ಯಾಕ್ರಿ?"

"ಕಮಿಟಿ ಠರಾವ್ ಮಾಡೈತಿ."

"ಅಂಥಾ ಹಾಡ ಕೇಳಿ ಸುಮ್ಮ ಕುಂದ್ರಾಕ ನಾ ಏನ್ ನಿಮ್ಮ ಕಮಿಟಿಯಾಂವ ಏನ್ರಿ?" ಎಂದು ಆತ ಬೈದುಕೊಳ್ಳುತ್ತ ಹಿಂದೆ ಸರಿದ.

ಆ ಗದ್ದಲದಲ್ಲಿ ಮಾಮಲೇದಾರರು ಎದ್ದದ್ದು ನನಗೆ ಕಾಣಲಿಲ್ಲ. ನಮ್ಮ ಕಟ್ಟಳೆಗಳನ್ನು ಅವರಿಗೆ ಯಾರೂ ಹೇಳಿರಲಿಲ್ಲ. ತಮ್ಮ ಹೆಗಲ ಮೇಲಿನ ಜರಿ ಉಪರಣೆಯನ್ನು ತೆಗೆದು, ರಾಣಿಯ ಕೈಗೆ ಕೊಟ್ಟು, ಮರಳಿ ಕುರ್ಚಿಯಲ್ಲಿ ಕೂತು, ಕಾಯತೊಡಗಿದರು. ಏನನ್ನು ಎಂದು ಎಲ್ಲರಿಗೂ ಗೊತ್ತಿತ್ತು. ಪೇಟಿ ನಿಂತಿತು. ಹಾಸ್ಯಗಾರ ಬಾಯಿ ತೆರೆದು, ನನ್ನನ್ನು ನೋಡಿ, ಮುಚ್ಚಿದ.

"ಚಿಟ್ನೀಸರ," ಎಂದಳು ರಾಣಿ, ಇಡೀ ಅಂಗಳಕ್ಕೆ ಕೇಳುವಂತೆ, "ಸಾಹೇಬರ ಹೆಸರ ಹೇಳಬೇಕೋ, ಬ್ಯಾಡೋ? ಹೇಳಿದ್ರ ನಮ್ಮ ಪರವಾನಗಿ ಹೋಗತೈತಿ. ಹೇಳದಿದ್ರ ಸಾಹೇಬರ ಮಾನ ಹೋಗತೈತಿ. ನೀವ ಹೇಳ್ರಿ."

ನಾನು ಸಾವಕಾರರನ್ನು ನೋಡಿದೆ. ಸಾವಕಾರರು ವಕೀಲರನ್ನು ನೋಡಿದರು. ವಕೀಲರು ಆಕಾಶವನ್ನು ನೋಡಿದರು. ಅಲ್ಲಿ ಒಂದು ಹದ್ದು ಬಿಟ್ಟರೆ ಯಾವ ಕಾಯಿದೆಯೂ ಇರಲಿಲ್ಲ. ಕೊನೆಗೆ ಸಾವಕಾರರೇ ಒದರಿದರು: "ಹೇಳೋ ಮಾರಾಯಾ, ಹೇಳು! ಸಾಹೇಬರು ಕಾಯಾಕತ್ತಾರ!"

ಹಾಸ್ಯಗಾರ ಒಂದು ಪಲ್ಟಿ ಹೊಡೆದ. ಕಟ್ಟು ಬಿಚ್ಚಿದ ಹೋರಿಯ ಹಾಗೆ ಮುಂದೆ ಬಂದು ಮಾಮಲೇದಾರರನ್ನು ಅವರ ಅಜ್ಜನಿಂದ ಹಿಡಿದು ಹೊಗಳಿದ. ಆ ಅಜ್ಜನನ್ನು ಆತ ನೋಡಿರಲಿಲ್ಲ. ಬಹುಶಃ ಮಾಮಲೇದಾರರೂ ನೋಡಿರಲಿಲ್ಲ. ಆದರೂ ಸಾಹೇಬರ ಮುಖ ಅರಳಿತು. ಮಂದಿ ಗೇಟಿನಿಂದ ತಿರುಗಿ ಬಂದು ಕೂತರು.

ಇದನ್ನು ಸಾವಕಾರರು ಎಷ್ಟು ಹೊತ್ತು ಸಹಿಸಿಯಾರು? ತಮ್ಮ ಅಂಗಳದಲ್ಲಿ, ತಮ್ಮ ಕುರ್ಚಿಗಳ ನಡುವೆ, ಹೊರಗಿನವರ ಹೆಸರು! ಅವರ ಜರಿ ರುಮಾಲು ಹೋಯಿತು. ಅವರ ಹೊಗಳಿಕೆ ಮಾಮಲೇದಾರರದಕ್ಕಿಂತ ತುಸು ಉದ್ದವಾಯಿತು. ವಕೀಲರು ಕೈಗೆ ಸಿಕ್ಕದ್ದೆಂದು ಕೊಡೆಯನ್ನೇ ಕೊಟ್ಟರು. ಚುರಮುರಿಯ ದಿನ ಮಾತ್ರ ಬರುತ್ತಿದ್ದ ಸದಸ್ಯರು ಮನೆಗೆ ಆಳು ಓಡಿಸಿ ಖಣ ತರಿಸಿದರು. ನಾಗನೂರಿನ ಒಕ್ಕಲಿಗನೂ ಬಂದ. ಈ ಸಲ ನಾನೇ ದಾರಿ ಬಿಟ್ಟೆ. ಕಮಿಟಿ ಕೊಟ್ಟ ಎರಡು ತಾಸು ಮುಗಿದಾಗ ರಾಜ ಇನ್ನೂ ಬೇಟೆಗೂ ಹೋಗಿರಲಿಲ್ಲ.

ಮರುದಿನದ ಸಭೆಯಲ್ಲಿ ಕಮಿಟಿಗೆ ಹೊಸ ಜ್ಞಾನೋದಯವಾಗಿತ್ತು. ಆಯೇರಿ ಪುರಾತನ ಪದ್ಧತಿ, ಅದು ಉಳಿಯಬೇಕು. ಮೇಳಕ್ಕೆ ಪರವಾನಗಿ ಉಂಟು. ಒಂದೇ ಕಟ್ಟಳೆ: ಪ್ರತಿ ಆಟದಲ್ಲಿಯೂ ಮೊದಲು ಕಮಿಟಿಯ ಎಲ್ಲರ ಹೆಸರು ಹೇಳಿ ಹೊಗಳಬೇಕು. ಯಾರ ಹೆಸರು ಯಾರ ಹಿಂದೆ ಎಂಬ ಪ್ರಶ್ನೆಗೆ ಬಂದಾಗ ಜಗಳವಾಯಿತು, ಚುರಮುರಿ ಚೆಲ್ಲಿತು. ಯಾರೂ ಕೇಳದಿದ್ದರೂ ನನ್ನ ಹೆಸರು ಕೊನೆಗೆ ಉಳಿಯಿತು.

ಪರವಾನಗಿ ಹಿಡಿದು ನಾನೇ ಚಕ್ಕಡಿಯಲ್ಲಿ ಘೋಡಗೇರಿಗೆ ಹೋದೆ. ಯಜಮಾನಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಓದಿ ಹೇಳಿದೆ. ಮೊರ ಕೆಳಗಿಟ್ಟು ನಕ್ಕಳು.

"ಅಣ್ಣಾರ, ಎಲ್ಲಾರ ಹೆಸರ ಹೇಳೂದ್ರಾಗ ಕೋಳಿ ಕೂಗತೈತಿ. ಆಟ ಯಾವಾಗ ಆಡೂದ್ರಿ?"

"ಹಂಗಾರ ಗೋಕಾಕ್ಕ ಬರಂಗಿಲ್ಲೇನು?"

"ಮಾಮಲೇದಾರರು ಆಯೇರಿ ಮಾಡ್ಯಾರಂತ ಸುದ್ದಿ ನಮಗಿಂತ ಮೊದ್ಲ ಊರೂರು ತಿರಗೈತ್ರಿ. ಮೂಡಲಗಿಯವರು ವೀಳ್ಯೆ ಕೊಟ್ಟಾರ, ಹತ್ತರಗಿಯವರೂ ಕೊಟ್ಟಾರ. ಮ್ಯಾಳ ಮುರಿಯೂದಿಲ್ಲ ಬಿಡ್ರಿ ಇನ್ನ. ನಿಮ್ಮ ಕಾಗದ ಇಟ್ಟಕೊಂಡ ಹೋಗ್ರಿ, ಅಂಗಡ್ಯಾಗ ಮಾರಾಕ ಬಂದೀತು." ಆಮೇಲೆ ತುಸು ಮೆತ್ತಗಾಗಿ, "ಮೂಡಲಗಿಗೆ ಬರ್ರಿ. ಹೊಸಾದೊಂದ ಸೇರಿಸೇವಿ," ಎಂದಳು.

ಮೇಳವನ್ನು ತಾನೇ ಮೂಡಲಗಿಗೆ ಕಳಿಸಿದ್ದಾಗಿ ನಮ್ಮ ಕಮಿಟಿ ಮುನಸಿಪಾಲಟಿಗೆ ತಿಳಿಸಿತು. ನಾನು ವ್ಯಾಪಾರದ ನೆಪ ಹೇಳಿ ಹೋದೆ. ಬಯಲು ತುಂಬಿತ್ತು. ದೀವಟಿಗೆಯ ಬೆಳಕಿನಲ್ಲಿ ರಾಜ ಮತ್ತೆ ರಾಜನಾಗಿದ್ದ. ಆಟದ ನಡುವೆ ಹಾಸ್ಯಗಾರ ಕಮಿಟಿಯಾಗಿ ಬಂದ. ಹೊಟ್ಟೆಗೆ ಹತ್ತಿಯ ಗಂಟು ಕಟ್ಟಿಕೊಂಡು ಅಧ್ಯಕ್ಷನಾದ, ಕೊಡೆ ಹಿಡಿದು ವಕೀಲನಾದ. ಕೊನೆಗೆ ಒಂದು ಕಾಗದವನ್ನು ಎದೆಗೆ ಒತ್ತಿಕೊಂಡು, ಮೇಲೆ ಮೋಡ ನೋಡಿ ನಡುಗುತ್ತ, ಕೆಳಗೆ ನೆಲ ನೋಡಿ ನಡುಗುತ್ತ, ರಾಣಿ ಕೆಮ್ಮಿದರೂ ಬೆಚ್ಚಿಬೀಳುತ್ತ ಚಿಟ್ನೀಸನಾದ. ನಮ್ಮ ಕಮಿಟಿ ಕಲೆಗೆ ಕೊಟ್ಟ ನಿಜವಾದ ಪ್ರೋತ್ಸಾಹ ಅದೊಂದೇ ಎಂದು ನಾನು ಈಗಲೂ ನಂಬಿದ್ದೇನೆ.

ಬಾಜೂ ಕೂತವನು ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತ ನನ್ನ ತೊಡೆಗೆ ಹೊಡೆದ. "ಖರೇನ ಇಂಥಾ ಚಿಟ್ನೀಸ ಗೋಕಾಕದಾಗ ಅದಾನಂತ್ರಿ! ನಿಮ್ಮದ ಯಾವೂರ?"

"ಹತ್ತರಗಿ," ಎಂದೆ.

"ಹಂಗಾರ ಯಾಕ ಹೆದರತೀರಿ, ಬಾಯಿಬಿಟ್ಟ ನಗ್ರಿ!"

ನಕ್ಕೆ.