ಗುಮಾಸ್ತರ ಲಾರಿ ಹಾರ್ನು

ಮೂಲೆಮನೆಯ ಗುಮಾಸ್ತರ ದನಿ ಎಷ್ಟು ಸಣ್ಣದೆಂದರೆ, ಅವರು ಸೀನಿದರೆ ಜನ ಪಕ್ಕದವರನ್ನು ನೋಡಿ ‘ನೆಗಡಿಯಾ?’ ಎಂದು ಕೇಳುತ್ತಾರೆ. ಕಚೇರಿಯಲ್ಲಿ ಅವರು ಬಾಯಿ ತೆರೆಯುವಷ್ಟರಲ್ಲಿ ಸಭೆಯೇ ಮುಗಿದಿರುತ್ತದೆ. ಅದಕ್ಕೇ ತಮ್ಮ ಹಳೆಯ ಸ್ಕೂಟರಿಗೆ ಲಾರಿಯ ಏರ್ ಹಾರ್ನ್ ಹಾಕಿಸಿಕೊಂಡರು. ‘ದೇವರು ಕೊಡದ ಗಂಟಲನ್ನ ಮೆಕ್ಯಾನಿಕ್ ಕೊಟ್ಟ’ ಎಂದು ತಾವೇ ನಗುತ್ತಾರೆ. ಗಾಳಿ ತುಂಬುವ ಕಂಪ್ರೆಸರ್ ಸೀಟಿನಡಿ ಕೂತಿದ್ದರಿಂದ ಅಲ್ಲಿರುತ್ತಿದ್ದ ಊಟದ ಡಬ್ಬಿ ಈಗ ಅವರ ಕೊರಳಲ್ಲಿ ನೇತಾಡುತ್ತದೆ. ಗುಂಡಿ ಒತ್ತಿದಾಗ ಎಲ್ಲರಿಗಿಂತ ಮೊದಲು ಬೆಚ್ಚಿಬೀಳುವವರು ಅವರೇ. ಆಮೇಲೆ ದಾರಿಹೋಕರಿಗೆಲ್ಲ ಕೈಮುಗಿದು, ಯಾರಿಗೂ ಕೇಳಿಸದ ದನಿಯಲ್ಲಿ ‘ತಪ್ಪಾಯ್ತು’ ಎನ್ನುತ್ತಾರೆ. ಮೊನ್ನೆ ಸಂಜೆ ಮನೆಯ ಮುಂದೆಯೇ ಒತ್ತಿದ ಗುಂಡಿ ಸಿಕ್ಕಿಕೊಂಡು ಹಾರ್ನು ನಿಲ್ಲಲೇ ಇಲ್ಲ. ಬೀದಿಗೆ ಬೀದಿಯೇ ಹೊರಬಂತು. ಹೆಂಡತಿ ಓಡಿಬಂದು ವೈರು ಕಿತ್ತು, ಸೊಂಟದ ಮೇಲೆ ಕೈಯಿಟ್ಟು ಕೇಳಿದರು: ‘ಇಷ್ಟು ಕೂಗಿಕೊಂಡು ಏನ್ರೀ ಹೇಳ್ಬೇಕಿತ್ತು ನಿಮಗೆ?’ ಗುಮಾಸ್ತರು ನಗಲು ಹೋಗಿ ತಡವರಿಸಿದರು. ‘ಏನಿಲ್ಲ ಕಣೇ... ಇವತ್ತು ಆಫೀಸಲ್ಲಿ ಬೆಳಗ್ಗೆಯಿಂದ ಒಬ್ರೂ ನನ್ನ ಮಾತಾಡಿಸ್ಲಿಲ್ಲ.’ ಆಕೆ ಮೆಟ್ಟಿಲ ಮೇಲೆ ಕೂತು, ಸರಿದು ಜಾಗ ಮಾಡಿಕೊಟ್ಟರು. ‘ಬನ್ನಿ, ಕೂತ್ಕೊಳ್ಳಿ. ಮೆಲ್ಲಗೇ ಹೇಳಿ, ನಂಗೆ ಕೇಳ್ಸುತ್ತೆ.’