ಎಂಟನೆಯ ಚಿತ್ರದ ತಾರೀಖು

ನಾನು ಜೀವನದಲ್ಲಿ ಮೊದಲು ನಿರ್ಣಯಿಸಿದ ತಾರೀಖು ಯಾವ ಶಾಸನದ್ದೂ ಅಲ್ಲ, ಒಂದು ಫೋಟೋದ್ದು. ಮುಂದೆ ಬಹುಕಾಲ ಕಲ್ಲಿನ ಮೇಲಿನ ತಿಥಿವಾರಗಳನ್ನು ಪಂಚಾಂಗದೊಡನೆ ತಾಳೆ ನೋಡುವುದೇ ನನ್ನ ಉದ್ಯೋಗವಾಯಿತು. ಆ ಗೀಳು ಎಲ್ಲಿ ಹತ್ತಿತೆಂದು ಕೇಳಿದವರಿಗೆ ನನ್ನ ಪ್ರಾಧ್ಯಾಪಕರಿಂದ ಎನ್ನುತ್ತಿದ್ದೆ. ಅದು ಪೂರ್ತಿ ನಿಜವಲ್ಲ. ಹತ್ತಿದ್ದು ಮುಳಬಾಗಿಲಿನಲ್ಲಿ, ಫೋಟೋ ಸ್ಟುಡಿಯೋ ಇಟ್ಟಿದ್ದ ಒಬ್ಬ ಸಾಹೇಬರ ಮನೆಯ ಒಳಂಗಳದಲ್ಲಿ.

ಆಗ ನಾನು ಅಲ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಉಪಾಧ್ಯಾಯಿನಿ. ಇಪ್ಪತ್ತು ತುಂಬಿತ್ತು, ಜಾತಕದ ಪ್ರಕಾರ. ಶಾಲೆಯ ದಾಖಲೆಯಲ್ಲಿ ಒಂದು ವರ್ಷ ಹೆಚ್ಚಿದೆ. ಚಿನ್ನದ ಗಣಿಯಲ್ಲಿ ಗುಮಾಸ್ತರಾಗಿದ್ದ ನನ್ನ ಸೋದರಮಾವ, ಸ್ವದೇಶಕ್ಕೆ ಹೊರಟ ಒಬ್ಬ ದೊರೆಯ ಸಾಮಾನು ಹರಾಜಾದಾಗ ಒಂದು ಡಬ್ಬಿ ಕ್ಯಾಮೆರಾ ಕೊಂಡಿದ್ದರು. ಅದರಿಂದ ಒಂದು ಚಿತ್ರವೂ ಸರಿಯಾಗಿ ಬಾರದೆ, ಬೇಸತ್ತು ನನಗೆ ಕೊಟ್ಟುಬಿಟ್ಟರು. ಕಪ್ಪು ಬಟ್ಟೆ ಅಂಟಿಸಿದ ಪೆಟ್ಟಿಗೆ. ಮುಂದೆ ಬಟಾಣಿಯಷ್ಟು ಗಾಜು, ಮೇಲೆ ಅಂಚೆಚೀಟಿಯಷ್ಟು ಗಾಜು. ಪೆಟ್ಟಿಗೆಯನ್ನು ಹೊಟ್ಟೆಗೆ ಒತ್ತಿಕೊಂಡು, ತಲೆ ಬಗ್ಗಿಸಿ ಮೇಲಿನ ಗಾಜಿನಲ್ಲಿ ನೋಡಬೇಕು. ಎದುರಿನವರು ಅಲ್ಲಿ ಎಡಬಲ ಅದಲುಬದಲಾಗಿ ಕಾಣುತ್ತಾರೆ. ಹಿಂಭಾಗದಲ್ಲಿ ಒಂದು ಕೆಂಪು ಕಿಂಡಿ. ಕೀಲಿ ತಿರುಗಿಸಿದರೆ ಒಳಗಿನ ಫಿಲ್ಮಿನ ಬೆನ್ನಿಗಿರುವ ಕಾಗದ ಸರಿದು, ಆ ಕಿಂಡಿಯಲ್ಲಿ ಒಂದರಿಂದ ಎಂಟರವರೆಗೆ ಅಂಕಿಗಳು ಒಂದೊಂದಾಗಿ ಬರುತ್ತವೆ. ನೂರಿಪ್ಪತ್ತನೆಯ ನಂಬರಿನ ಆ ಅಗಲ ಫಿಲ್ಮಿನಲ್ಲಿ ಎಂಟೇ ಚಿತ್ರ.

ಮೊದಲ ಎಂಟನ್ನು ಕುರುಡುಮಲೆಯ ಗಣೇಶನಿಗೆ ಮೀಸಲಿಟ್ಟೆ. ಸುರುಳಿಯನ್ನು ತೊಳೆಯಲು ಸಾಹೇಬರ ಅಂಗಡಿಗೆ ಕೊಟ್ಟೆ. ಮಾರನೆಯ ದಿನ ಹೋದಾಗ ಅವರು ಆ ಉದ್ದನೆಯ ಪಟ್ಟಿಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಪೂರಾ ಕಪ್ಪು.

"ಎಂಟಕ್ಕೆ ಎಂಟೂ ಸೂರ್ಯನೇ ಬಂದಿದಾನೆ ಟೀಚರಮ್ಮ. ಗಣೇಶ ಎಲ್ಲಿ? ಇಲಿ ಹತ್ತಿ ಹೊರಟೋದ್ನಾ?"

ನಾನು ನಡುಮಧ್ಯಾಹ್ನದ ಬಿಸಿಲಿನಲ್ಲಿ ದೇವಸ್ಥಾನದ ಜಗಲಿಯ ಮೇಲೆ ಕುಳಿತು ಫಿಲ್ಮ್ ತುಂಬಿದ್ದೆನೆಂದು ಒಪ್ಪಿಕೊಂಡೆ. ಅವರು ನಗಲಿಲ್ಲ. ಹಳೆಯ ಕಾಗದದ ಸುರುಳಿಯೊಂದನ್ನು ನನ್ನ ಕೈಗೆ ಕೊಟ್ಟು, "ಬಿಸಿಲಿಗೆ ಬೆನ್ನು ಮಾಡಿ. ಸೆರಗು ಮುಂದಕ್ಕೆ ಎಳ್ಕೊಳ್ಳಿ. ಈಗ ಆ ನೆರಳಲ್ಲಿ ತುಂಬಿ. ಬಿಗಿಯಾಗಿ, ಬೀಡಾ ಸುತ್ತೋ ಹಾಗೆ," ಎಂದು ಹತ್ತು ಸಾರಿ ಮಾಡಿಸಿದರು. ಎರಡನೆಯ ಪಾಠ ದೂರದ್ದು. "ಆಸಾಮಿ ಐದು ಹೆಜ್ಜೆ ಆಚೆ ಇರ್ಬೇಕು. ಅದಕ್ಕಿಂತ ಹತ್ರ ಹೋದ್ರೆ ಈ ಡಬ್ಬಿಗೆ ಕಣ್ಣು ಮಂಜು."

ನಾಲ್ಕು ತಾಲ್ಲೂಕುಗಳಲ್ಲಿ ಅವರೆದುರು ಕೂರದ ಮನೆತನಗಳು ಕಡಿಮೆ. ಕೋಲಾರದ ಅಧಿಕಾರಿಗಳ ಬೀಳ್ಕೊಡುಗೆಗಳು, ಮಾಲೂರು ಶ್ರೀನಿವಾಸಪುರಗಳ ಮದುವೆಗಳು, ಎಲ್ಲಕ್ಕೂ ಅವರೇ. ಆದರೆ ಅವರ ಹೆಂಡತಿಯ ಒಂದು ಚಿತ್ರವೂ ಇರಲಿಲ್ಲ. ಆಕೆ ಗೋಷಾ ಪಾಲಿಸುವವರು, ಅಂಗಡಿಗೆ ಬರುವವರಲ್ಲ. ಸಾಹೇಬರ ತೇಗದ ಮರದ ದೊಡ್ಡ ಕ್ಯಾಮೆರಾ ಅಂಗಡಿಯಿಂದ ಮನೆಗೆ ಬರುವಂಥದ್ದಲ್ಲ. ಬಂದರೂ ಗಾಜಿನ ಪ್ಲೇಟುಗಳನ್ನು ತಿದ್ದುವ ಸಹಾಯಕನೊಬ್ಬನಿದ್ದ. "ಪೆನ್ಸಿಲ್ ಹಿಡ್ಕೊಂಡು ನನ್ನ ಮೂಗು ತಿದ್ದೋಕೆ ಅವನ್ಯಾರು?" ಎಂದು ಆಕೆ ಮೊದಲ ಭೇಟಿಯಲ್ಲೇ ನನ್ನನ್ನು ಕೇಳಿದರು. ಅದು ತಿದ್ದಬೇಕಾದ ಮೂಗೇ ಆಗಿರಲಿಲ್ಲ.

ನನ್ನನ್ನು ಮನೆಗೆ ಕರೆಸಿದ್ದಕ್ಕೆ ಕಾರಣ ಒಂದು ಕಾಗದ. ಅವರ ಒಬ್ಬಳೇ ಮಗಳು ಮದುವೆಯಾಗಿ ಮಲಯದ ಪೆನಾಂಗಿಗೆ ಹೋಗಿದ್ದಳು. ಅಳಿಯನಿಗೆ ಅಲ್ಲಿ ಬಟ್ಟೆ ಅಂಗಡಿಯಲ್ಲಿ ಕೆಲಸ. ಅವಳಿಗೆ ಹೆಣ್ಣು ಮಗುವಾಗಿತ್ತು. ಸಾಹೇಬರು ಆ ಉರ್ದು ಕಾಗದವನ್ನು ನನಗೆ ಕನ್ನಡದಲ್ಲಿ ಓದಿ ಹೇಳಿದರು: ಅಮ್ಮೀ, ನಿನ್ನ ದನಿ ನೆನಪಿದೆ, ಮುಖ ಮಾತ್ರ ಮಸುಕಾಗುತ್ತಿದೆ, ಮಗುವಿಗೆ ಏನು ತೋರಿಸಲಿ? ಓದಿ ಮುಗಿಸಿ ಕಾಗದವನ್ನು ಮಡಿಸುತ್ತ ಕುಳಿತರು. ಆಕೆಯೇ ಮಾತು ಮುಂದುವರಿಸಿದರು.

"ಟೀಚರಮ್ಮ, ನೀವು ಹೆಂಗಸು. ನಿಮ್ಮ ಡಬ್ಬಿ ಚಿಕ್ಕದು. ನೀವು ತೆಗೀರಿ. ಆದ್ರೆ ತೊಳೆದ ಮೇಲೆ ಮೊದಲು ನಾನು ನೋಡ್ಬೇಕು. ಚೆನ್ನಾಗಿಲ್ಲಾಂದ್ರೆ ಅಲ್ಲೇ ಹರಿದು ಹಾಕ್ತೀನಿ."

"ನಾನು?" ಎಂದರು ಸಾಹೇಬರು.

"ನೀವು ಆಮೇಲೆ. ಇಷ್ಟು ವರ್ಷ ಊರನ್ನೆಲ್ಲ ನೋಡಿದೀರಲ್ಲ, ಸಾಲ್ದಾ?"

ಆಗ ರಂಜಾನ್ ಉಪವಾಸದ ತಿಂಗಳು. ನನ್ನ ಸುರುಳಿಯಲ್ಲಿ ಎಂಟನೆಯ ಚಿತ್ರವೊಂದೇ ಉಳಿದಿತ್ತು. ಆಕೆಯನ್ನು ಸೀಬೆಗಿಡದ ಪಕ್ಕ ಕೂರಿಸಿ, ಪಾಠದಂತೆ ಐದು ಹೆಜ್ಜೆ ಹಿಂದೆ ಸರಿದು, ಉಸಿರು ಹಿಡಿದು ತೆಗೆದೆ. ತೊಳೆದದ್ದನ್ನು ಮಾತಿನಂತೆ ಮೊದಲು ಆಕೆಗೇ ತೋರಿಸಿದೆವು. ಹಿಂದಿನ ಗೋಡೆಯ ಬಿರುಕು ಕೂದಲೆಳೆಯಷ್ಟು ಸ್ಪಷ್ಟವಾಗಿತ್ತು. ಮುಖವಿರಬೇಕಾದ ಕಡೆ ಹೊಗೆಯಂಥ ಒಂದು ಉಂಡೆ.

"ಐದು ಹೆಜ್ಜೆ ಅಂದಿದ್ನಲ್ಲ!" ಎಂದು ಸಾಹೇಬರು ತಲೆ ಚಚ್ಚಿಕೊಂಡರು.

"ಐದೇ ಹೆಜ್ಜೆ," ಎಂದೆ.

ಆಕೆ ಒಳಗಿನಿಂದ ಎದ್ದು ಬಂದರು. "ಅಜೀ, ಸೀರೆ ಉಟ್ಕೊಂಡು ಐದು ಹೆಜ್ಜೆ ಹಾಕಿ ತೋರಿಸ್ರಿ ನೋಡೋಣ. ನಿಮ್ಮದು ಕುದುರೆ ಹೆಜ್ಜೆ. ಅದನ್ನ ಹೆಣ್ಮಗೂಗೆ ಪಾಠ ಹೇಳ್ತಾರೆ!" ಎಂದು, ರಜಾಯಿ ಹೊಲಿಯುವ ದಾರದ ಉಂಡೆ ತಂದು ಅವರ ಕೈಗೆ ಕೊಟ್ಟರು. ಸಾಹೇಬರು ಅಂಗಡಿಯ ಗಜಕೋಲಿನಿಂದ ಅಳೆದು ಮೂರೂವರೆ ಗಜಕ್ಕೆ ಗಂಟು ಹಾಕಿದರು. ಆ ಗಂಟಿನ ದಾರ ಮುಂದೆ ಅನೇಕ ವರ್ಷ ನನ್ನ ಕ್ಯಾಮೆರಾ ಚೀಲದಲ್ಲಿತ್ತು.

ಅಂಗಡಿಯಲ್ಲಿ ಫಿಲ್ಮ್ ಮುಗಿದಿತ್ತು, ಯುದ್ಧದ ದೆಸೆಯಿಂದ ಬರುವುದೂ ಅಪರೂಪವಾಗಿತ್ತು. ನಾನು ತಾಯಿಯೊಡನೆ ಕೋಲಾರಕ್ಕೆ ಹೋಗಿ, ಮೂರು ಅಂಗಡಿ ಸುತ್ತಿ, ಒಂದೇ ಒಂದು ಸುರುಳಿ ತಂದೆ. ಪೆಟ್ರೋಲಿಗೆ ಪಡಿತರ ಬಂದು, ಬಸ್ಸಿನ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿದ್ದರು. ಏರು ಬಂದಲ್ಲೆಲ್ಲ ಇಳಿದು ನಡೆಯಬೇಕು. ನನ್ನ ತಾಯಿಯ ಬಿಳಿ ಸೀರೆಯ ಅಂಚಿಗೆ ಮಸಿ ಹತ್ತಿತು. "ನಿನ್ನ ಫೋಟೋ ಹುಚ್ಚಿಗೆ ನನ್ನ ಸೀರೆ ಹೋಯ್ತು ಕಣೇ," ಎಂದು ದಾರಿಯುದ್ದಕ್ಕೂ ಬೈದರು. ಈ ಮಸಿಯ ವಿಷಯ ಆಮೇಲೆ ಬೇಕಾಗುತ್ತದೆ.

ಹಬ್ಬ ಮುಗಿದ ಮಾರನೆಯ ದಿನ ಮತ್ತೆ ಹೋದೆ. ಆಕೆ ಹಬ್ಬಕ್ಕೆ ತೊಡಿಸಿಕೊಂಡ ಹೊಸ ಬಳೆ ಸದ್ದು ಮಾಡುತ್ತ ಚಹಾ ತಂದು, ನನ್ನೊಡನೆ ತಾವೂ ಕುಡಿದರು. ಮೊದಲೇ ತಮ್ಮ ಮುಖ ತೆಗೆಯಗೊಡಲಿಲ್ಲ. "ಮೊದಲು ಮನೆ ತೆಗೀರಿ. ಅವಳು ಬಂದು ಬಾಗಿಲು ದಾಟಿದ ಹಾಗೆ ಆಗ್ಬೇಕು," ಎಂದು ಬೀದಿ ಬಾಗಿಲಿನಿಂದ ಹೊರಟು ಒಲೆಯವರೆಗೆ ನನ್ನನ್ನು ನಡೆಸಿದರು. ಮಗಳು ಬೆಳೆದಂತೆಲ್ಲ ಗೀರು ಹಾಕಿದ ಕಂಬವಿತ್ತು; ಅದಕ್ಕೊಂದು ಚಿತ್ರ. ಅವಳು ಹತ್ತಿ ಬಿದ್ದ ಸೀಬೆಗಿಡಕ್ಕೊಂದು. ಕೋಳಿಗೂಡನ್ನೂ ಬಿಡಲಿಲ್ಲ. ಕೆಂಪು ಕಿಂಡಿಯಲ್ಲಿ ಎಂಟು ಬಂದಾಗ ದಾರದ ಒಂದು ತುದಿಯನ್ನು ಆಕೆ ತಮ್ಮ ಮೂಗುತಿಯ ಹತ್ತಿರ ಹಿಡಿದರು, ಗಂಟು ನನ್ನ ಕೈಯಲ್ಲಿ. ದಾರ ಬಿಟ್ಟು ನಾನು ತಲೆ ಬಗ್ಗಿಸಿದೆ.

"ನೀವು ನನ್ನ ನೋಡ್ತಾನೇ ಇಲ್ವಲ್ಲ?"

"ಈ ಕ್ಯಾಮೆರಾದಲ್ಲಿ ಬಗ್ಗಿಯೇ ನೋಡಬೇಕಮ್ಮ."

"ಒಳ್ಳೇದು. ಮರ್ಯಾದೆ ಗೊತ್ತಿರೋ ಡಬ್ಬಿ," ಎಂದು ನಕ್ಕರು. ಆ ನಗು ಪೂರ್ತಿ ಮುಗಿಯುವ ಮುನ್ನ ಗುಂಡಿ ಒತ್ತಿದೆ.

ಮಧ್ಯಾಹ್ನವೇ ತೊಳೆದೆವು. ಉಗ್ರಾಣದ ಬಾಗಿಲು ಮುಚ್ಚಿ ಕಂಬಳಿ ಇಳಿಬಿಟ್ಟು, ಒಳಗೆ ಆಕೆ ಮತ್ತು ನಾನು, ಅಂಗಡಿಯ ಕೆಂಪು ದೀಪ, ಮೂರು ಪಿಂಗಾಣಿ ಬಟ್ಟಲು. ಆ ಕಾಲದ ಫಿಲ್ಮಿಗೆ ಕೆಂಪು ಬೆಳಕು ತಾಗುತ್ತಿರಲಿಲ್ಲ. ಸಾಹೇಬರು ಹೊರಗೆ ಬಾಗಿಲಿಗೆ ಬಾಯಿ ಹಚ್ಚಿ ನಿಂತಿದ್ದರು.

"ಎರಡು ತುದಿ ಹಿಡಿದು ಬಟ್ಟಲಲ್ಲಿ ಅದ್ದಿ, ಮೇಲೆ ಕೆಳಗೆ, ಮೇಲೆ ಕೆಳಗೆ!"

"ಸೀರೆಗೆ ಗಂಜಿ ಹಾಕೋ ಹಾಗೆ ತಾನೇ? ಗೊತ್ತು, ಸುಮ್ನಿರ್ರಿ," ಎಂದು ಆಕೆ ನನ್ನ ಕೈಯಿಂದ ಪಟ್ಟಿಯನ್ನು ತೆಗೆದುಕೊಂಡರು. ಹಾಲಿನ ಬಣ್ಣದ ಪಟ್ಟಿಯ ಮೇಲೆ ಮೊದಲು ಆಕಾಶ ಕಪ್ಪಾಯಿತು, ಆಮೇಲೆ ಗೋಡೆಗಳು. ಕಡೆಯ ಚೌಕದಲ್ಲಿ ಒಂದು ಹಣೆ ಮೂಡಿತು, ಕೆನ್ನೆ ಮೂಡಿತು. ಆಕೆಯ ಕೈ ನಿಂತುಬಿಟ್ಟಿತು.

"ನಿಲ್ಲಿಸ್ಬೇಡಿ! ಕಾಣ್ತಾ? ಏನ್ ಕಾಣ್ತಿದೆ?" ಹೊರಗಿನಿಂದ ಕೂಗು.

ಆಕೆ ಮತ್ತೆ ಪಟ್ಟಿಯನ್ನು ಮೇಲೆ ಕೆಳಗೆ ಆಡಿಸತೊಡಗಿದರು. ಚಿತ್ರ ಅಳಿಯದಂತೆ ನಿಲ್ಲಿಸುವ ಹೈಪೋ ಬಟ್ಟಲಿನಿಂದ ತೆಗೆದು ಬಾಗಿಲು ತೆರೆದ ಮೇಲೆ, ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು. ನೆಗಟಿವ್ ಆದ್ದರಿಂದ ಕಪ್ಪು ಕೂದಲೆಲ್ಲ ಬೆಳ್ಳಗಿತ್ತು. "ಮುದುಕಿ ಮಾಡಿದೀರಿ ನನ್ನ," ಎಂದು ಗಂಡನ ಕೈಗೆ ಕೊಟ್ಟರು. ಹರಿಯಲಿಲ್ಲ. ಸಾಹೇಬರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಮತ್ತೆ ತೆಗೆದರು. ಅಷ್ಟು ಪ್ಲೇಟುಗಳನ್ನು ನೋಡಿದ ಕಣ್ಣು ಅವತ್ತು ಅವರ ಮಾತು ಕೇಳಲಿಲ್ಲ.

ಎರಡು ದಿನದಲ್ಲಿ ಎಂಟೂ ಪ್ರತಿಗಳು ಸಿದ್ಧವಾದವು, ಲಕೋಟೆಯೂ ಸಿದ್ಧವಾಯಿತು. ಆಗ ಸಾಹೇಬರು ಬಾಯಿತಪ್ಪಿ, ಯುದ್ಧಕಾಲದಲ್ಲಿ ಪರದೇಶಕ್ಕೆ ಹೋಗುವ ಕಾಗದಗಳನ್ನು ಸರ್ಕಾರದವರು ತೆರೆದು ನೋಡುತ್ತಾರೆಂದು ಹೇಳಿಬಿಟ್ಟರು. ಆಕೆ ಲಕೋಟೆಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದರು. ನಾನು ಕೇಳಲಿಲ್ಲ, ಸಾಹೇಬರೂ ಕೇಳಲಿಲ್ಲ. ಒಂದು ದಿನ ತಾವಾಗಿ ನನ್ನನ್ನು ಕರೆದು, "ನೋಡೋರು ನೋಡ್ಲಿ ಬಿಡಿ. ನನ್ನ ಮಗಳೂ ನೋಡ್ತಾಳಲ್ಲ," ಎಂದು ಲಕೋಟೆ ಕೊಟ್ಟರು. ನಾನೇ ಅಂಚೆಗೆ ಹಾಕಿದೆ. ಅಂದು ಕಡೆಯ ಕಾರ್ತಿಕ ಸೋಮವಾರ. ಮನೆಯಲ್ಲಿ ತಾಯಿಗೆ ಒಪ್ಪತ್ತು.

ಅದಾದ ಕೆಲವೇ ವಾರಗಳಲ್ಲಿ ಜಪಾನಿನವರು ಮಲಯಕ್ಕೆ ನುಗ್ಗಿದರು. ಪೆನಾಂಗ್ ಬಿತ್ತೆಂದು ಪತ್ರಿಕೆಯಲ್ಲಿ ಬಂತು. ಎಷ್ಟೋ ತಿಂಗಳ ಮೇಲೆ ಲಕೋಟೆ ಹಿಂದಿರುಗಿತು: ಒಂದು ಬದಿ ಕತ್ತರಿಸಿ ಅಂಟಿಸಿತ್ತು, ಮುದ್ರೆಯ ಮೇಲೆ ಮುದ್ರೆ ಬಿದ್ದು ಒಂದು ಅಂಕಿಯೂ ಓದುವಂತಿರಲಿಲ್ಲ. ಎಂಟು ಚಿತ್ರಗಳೂ ಒಳಗೇ ಇದ್ದವು. "ನನ್ನ ಮುಖ ಸಮುದ್ರ ನೋಡ್ಕೊಂಡು ಬಂತು. ನಾನಿನ್ನೂ ನೋಡಿಲ್ಲ," ಎಂದರು ಆಕೆ. ಆಮೇಲೆ ಯುದ್ಧ ಮುಗಿಯುವವರೆಗೆ ಮಗಳ ಸುದ್ದಿ ಇಲ್ಲ. ಆ ಅವಧಿಯಲ್ಲಿ ಆಕೆಯ ಕೂದಲು ನೆಗಟಿವಿನಲ್ಲಿ ಕಂಡಂತೆಯೇ ಬೆಳ್ಳಗಾಯಿತು.

ಯುದ್ಧ ಮುಗಿದ ಮರುವರ್ಷ ಒಂದು ಕಾಗದ ಬಂತು. ಮಗಳೂ ಮಗುವೂ ಅಳಿಯನೂ ಕ್ಷೇಮ. ಹಡಗು ಸಿಕ್ಕಾಗ ಬರುತ್ತೇವೆ. ಸಾಹೇಬರು ಅದನ್ನು ಹಿಡಿದು ಓಡಿಬಂದು, "ಟೀಚರಮ್ಮ, ಡಬ್ಬಿ ತನ್ನಿ, ಹೊಸದು ತೆಗೆಯೋಣ," ಎಂದರು. ಆಕೆ ಒಪ್ಪಲಿಲ್ಲ.

"ನಕ್ಕೋ, ಬೇಡ. ಹಳೇದೇ ಕಳಿಸ್ತೀನಿ. ಅವಳು ಕೇಳಿದಾಗ ಇದ್ದ ಮುಖ ಅದು. ಹಿಂದೆ ತಾರೀಖು ಬರೀರಿ, ಸಾಕು. ಇಲ್ಲಾಂದ್ರೆ ನಾಳೆ ಬಂದು ಈ ಬಿಳಿ ತಲೆ ನೋಡಿ ಗಾಬರಿ ಆಗ್ತಾಳೆ."

ಲೇಖನಿ ಹಿಡಿದೆ. ತಾರೀಖು ಗೊತ್ತಿರಲಿಲ್ಲ. ಆಕೆ ದನಿ ತಗ್ಗಿಸಿ, "ಒಂದು ವರ್ಷದ ಮೇಲಾಗಿತ್ತು ಅಲ್ವಾ, ಟ್ರಂಕಲ್ಲಿಟ್ಟು? ಅಷ್ಟು ದಿನ ನಾನು ಇಟ್ಕೊಳ್ದೇ ಇದ್ದಿದ್ರೆ ಅವಳ ಕೈ ಸೇರ್ತಿತ್ತು," ಎಂದರು.

"ಛೇ, ನಾಲ್ಕೇ ದಿನ," ಎಂದರು ಸಾಹೇಬರು.

"ನೀವು ಸಮಾಧಾನಕ್ಕೆ ಹೇಳ್ತೀರಿ. ಟೀಚರಮ್ಮ, ನೀವು ಓದಿದವರು. ನಿಜ ಎಷ್ಟಿದೆಯೋ ಅಷ್ಟು ಹೇಳಿ."

ಇಷ್ಟು ವರ್ಷ ಆಕೆ ಈ ಲೆಕ್ಕವನ್ನು ಹೊತ್ತಿದ್ದರೆಂದು ನನಗೆ ಅಂದೇ ತಿಳಿದದ್ದು. ಮನೆಗೆ ಹೋಗಿ ಹಳೆಯ ಪಂಚಾಂಗಗಳನ್ನು ಹರಡಿಕೊಂಡೆ. ಚಿತ್ರ ತೆಗೆದ ವಾರ ದೀಪಾವಳಿಯೂ ಇತ್ತೆಂದು ನೆನಪಿತ್ತು. ಆದರೆ ದೀಪಾವಳಿ ಅಮಾವಾಸ್ಯೆಯ ಬೆನ್ನಿಗೇ ರಂಜಾನ್ ಹಬ್ಬ ಬಂದದ್ದು ಒಂದು ವರ್ಷವಲ್ಲ. ಪ್ರಮಾಥಿ, ವಿಕ್ರಮ, ವಿಷು, 1939ರಿಂದ 1941ರವರೆಗಿನ ಈ ಮೂರು ಸಂವತ್ಸರಗಳಲ್ಲೂ ಹಾಗೇ. ಚಿತ್ರಭಾನುವಿನಲ್ಲಿ ಅಧಿಕ ಜ್ಯೇಷ್ಠ ಬಿದ್ದು ಹಬ್ಬಗಳೆರಡೂ ದೂರವಾದವು. ಮೂರರಲ್ಲಿ ಯಾವುದು? ಎರಡು ದಿನ ತೋಚಲಿಲ್ಲ. ಮೂರನೆಯ ದಿನ ತಾಯಿ ಅದೇ ಬಿಳಿ ಸೀರೆ ಒಗೆಯುತ್ತಿದ್ದರು. ಅಂಚಿನ ಮಸಿ ಇನ್ನೂ ಪೂರ್ತಿ ಹೋಗಿರಲಿಲ್ಲ. ಇದ್ದಿಲಿನ ಬಸ್ಸು! ಪೆಟ್ರೋಲಿಗೆ ಪಡಿತರ ಬಂದದ್ದು ವಿಷುವಿನಲ್ಲಿ. ಅದರ ಹಿಂದಿನ ಎರಡು ದೀಪಾವಳಿಗಳಿಗೆ ನಮ್ಮ ದಾರಿಯಲ್ಲಿ ಅಂಥ ಬಸ್ಸು ಇರಲಿಲ್ಲ. ಆಕೆ ಹಗಲಿನಲ್ಲಿ ನನ್ನೊಡನೆ ಚಹಾ ಕುಡಿದದ್ದರಿಂದ ಉಪವಾಸ ಮುಗಿದಿತ್ತು. ಅಂದರೆ 1941ರ ಅಕ್ಟೋಬರ್, ಹಬ್ಬದ ಮಾರನೆಯ ದಿನ. ಅಂಚೆಗೆ ಹಾಕಿದ್ದು ಅದೇ ಕಾರ್ತಿಕದ ಕಡೆಯ ಸೋಮವಾರ.

"ತೆಗೆದ ದಿನದಿಂದ ಎಣಿಸಿದರೂ ಮೂರೂವರೆ ವಾರ," ಎಂದೆ. "ನಾಲ್ಕು ದಿನವಲ್ಲ, ವರ್ಷವೂ ಅಲ್ಲ." ಪಂಚಾಂಗ, ಬಸ್ಸು, ಸೀರೆ, ಚಹಾ, ಎಲ್ಲವನ್ನೂ ಬಿಡಿಸಿ ಹೇಳಿದೆ. ಆಕೆ ನಡುನಡುವೆ ಪ್ರಶ್ನೆ ಕೇಳಿ, ಮುಂದೆ ನನ್ನನ್ನು ಪರೀಕ್ಷಿಸಿದ ಪ್ರಾಧ್ಯಾಪಕರಿಗಿಂತ ಗಟ್ಟಿಯಾಗಿ ಪರೀಕ್ಷಿಸಿದರು. ಕಡೆಗೆ, "ಮೂರೂವರೆ ವಾರ," ಎಂದು ತಾವೂ ಒಮ್ಮೆ ಹೇಳಿ ನೋಡಿಕೊಂಡರು. "ಅಷ್ಟು ಹೆದರಿಕೆ ಯಾರಿಗಾದ್ರೂ ಇರುತ್ತೆ, ಅಲ್ವಾ?"

ಇರುತ್ತದೆ ಎಂದೆ. ಎಂಟನೆಯ ಚಿತ್ರದ ಬೆನ್ನಿಗೆ ಕನ್ನಡದಲ್ಲೇ ತಾರೀಖು ಬರೆದೆ. ಮಗಳು ಮುಳಬಾಗಿಲಿನ ಶಾಲೆಯಲ್ಲಿ ಕನ್ನಡ ಕಲಿತಿದ್ದಳು.

ಈ ಸಾರಿ ಲಕೋಟೆ ಹಿಂದಿರುಗಲಿಲ್ಲ. ಉತ್ತರ ಬಂದ ದಿನ ನಾನು ಅಲ್ಲಿಯೇ ಇದ್ದೆ. ಸಾಹೇಬರು ನಿಂತೇ ಓದಿದರು. ಅಮ್ಮೀ, ತಾರೀಖು ನೋಡಿದೆ, ಆದರೂ ನೀನು ಈಗಲೂ ಹಾಗೇ ಇದ್ದೀಯ ಎಂದು ನನಗೆ ಗೊತ್ತು.

ಆಕೆ ಸೆರಗನ್ನು ಬಿಳಿಯ ತಲೆಯ ಮೇಲೆ ಎಳೆದುಕೊಂಡು, ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದರು. ಸಾಹೇಬರು ನನ್ನತ್ತ ನೋಡಿ, ಡಬ್ಬಿ ತಂದಿದ್ದೀರಾ ಎಂದು ಕಣ್ಣಲ್ಲೇ ಕೇಳಿದರು. ತಂದಿರಲಿಲ್ಲ.