ಏಳನೆಯ ಸೂಚನೆ

ಹೊಸ ಸಾಮಾನಿನ ಜೊತೆ ಬರುವ ಸೂಚನಾಪತ್ರವನ್ನು ಗಂಡಸರು ಓದುವುದು ಸಾಮಾನು ಕೆಟ್ಟ ಮೇಲೆಯೇ. ನಮ್ಮ ಮನೆಗೆ ಮೊದಲ ಪ್ರೆಷರ್ ಕುಕ್ಕರ್ ಬಂದ ದಿನ ನಾನು ಆ ಪತ್ರವನ್ನು ಡಬ್ಬಿಯ ಸಮೇತ ಅಟ್ಟಕ್ಕೆ ಎಸೆದು, ಅರ್ಧ ಗಂಟೆಯೊಳಗೆ ತೊಗರಿಬೇಳೆಯನ್ನು ಅಡುಗೆಮನೆಯ ಗೋಡೆಗೆಲ್ಲ ಬಳಿದಿದ್ದೆ. ನನ್ನ ಹೆಂಡತಿ ಬಂದ ನೆಂಟರಿಗೆಲ್ಲ ಈ ಕಥೆ ಹೇಳಿ ನಗಿಸುತ್ತಾಳೆ, ನಾನೂ ನಗುತ್ತೇನೆ. ಆದರೆ ಇದೇ ಚಾಳಿ ನನ್ನ ಕಸುಬಿನಲ್ಲೂ ಇತ್ತೆಂಬುದು ಅವಳಿಗೆ ಗೊತ್ತಿಲ್ಲ. ಓದುಗ ಮಿತ್ರರೇ, ನಿಮ್ಮ ಹತ್ತಿರ ಹೇಳಿಬಿಡುತ್ತೇನೆ.

ಎಪ್ಪತ್ತರ ದಶಕದ ಆರಂಭದಿಂದ ನಾನು ಹೊಸನಗರದಲ್ಲಿ ಡಾಕ್ಟರು. ಆ ಕಾಲದಲ್ಲಿ ಸೂಜಿ ಹಾಕದ ಡಾಕ್ಟರು ಡಾಕ್ಟರೇ ಅಲ್ಲ. ನಾನು ಮಾತ್ರೆ ಬರೆದು ಉಪದೇಶ ಮಾಡಿ ಕಳಿಸಿದರೆ, ರೋಗಿ ಮಹಾಶಯ ತೀರ್ಥಹಳ್ಳಿ ಬಸ್ಸು ಹತ್ತಿ ಅಲ್ಲಿ ಸೂಜಿ ಹಾಕಿಸಿಕೊಂಡು ಬರುತ್ತಿದ್ದ. ಹೀಗಿರುವಾಗ ಒಮ್ಮೆ ಸಾಗರದಲ್ಲಿ ಸುತ್ತಲಿನ ವೈದ್ಯರಿಗೆಲ್ಲ ಒಂದು ಸಭೆ ನಡೆಯಿತು. ದೊಡ್ಡ ಊರಿನಿಂದ ಬಂದ ಹಿರಿಯರೊಬ್ಬರು ಶ್ವಾಸಕೋಶದ ದೀರ್ಘಕಾಲದ ಕಾಯಿಲೆಯ ಬಗ್ಗೆ ಮಾತಾಡಿ, ಏನು ಕೇಳಬೇಕು, ಏನು ಕೊಡಬೇಕು, ಏನು ಕೊಡಬಾರದು ಎಂದು ಸೈಕ್ಲೋಸ್ಟೈಲ್ ಮಾಡಿದ ಹಾಳೆಗಳನ್ನು ಹಂಚಿದರು. ವಾಪಸು ಬರುವ ಬಸ್ಸಿನಲ್ಲಿ ನಾವು ನಾಲ್ಕೈದು ವೈದ್ಯರತ್ನಗಳು ಆ ಹಾಳೆಯನ್ನು ಓದಿ ನಕ್ಕದ್ದೇ ನಕ್ಕದ್ದು. ಹೆಚ್ಚು ನಕ್ಕದ್ದು ಏಳನೆಯ ಸೂಚನೆಗೆ: ಔಷಧಿ ಸೇದುವ ಪಂಪನ್ನು ಕೊಟ್ಟರೆ, ಅದನ್ನು ರೋಗಿಯಿಂದ ನಿಮ್ಮೆದುರೇ ಮಾಡಿಸಿ ನೋಡಿ, ಬಂದಾಗಲೆಲ್ಲ ನೋಡಿ. ಹುಟ್ಟಿದಂದಿನಿಂದ ಉಸಿರಾಡುತ್ತಿರುವ ಮನುಷ್ಯನಿಗೆ ಉಸಿರೆಳೆಯುವುದನ್ನು ಕಲಿಸಬೇಕಂತೆ! ನಾನೇ ಈ ಮಾತು ಹೇಳಿದ್ದು. ಬಸ್ಸಿಗೆ ಬಸ್ಸೇ ನಕ್ಕಿತ್ತು.

ನಮ್ಮೂರ ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಪುಟ್ಟಮ್ಮ ಎಂಬುವರ ಸಣ್ಣ ಹೋಟೆಲು. ಸಾಗರದ ಮೊದಲ ಬಸ್ಸಿಗೆ ಅವರ ಕಡುಬು, ಕಾಯಿಚಟ್ನಿ ತಯಾರಿರುತ್ತಿತ್ತು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಹಸಿ ಸೌದೆಯ ಒಲೆಯ ಮುಂದೆ ಕೂತು, ಊದುಗೊಳವೆ ಹಿಡಿದು ಇಪ್ಪತ್ತು ವರ್ಷ ಬೆಂಕಿ ಊದಿದವರು. ಅವರಿಗೆ ಏದುಸಿರು ಹತ್ತಿಕೊಂಡು ನನ್ನ ಹತ್ತಿರ ಬಂದಾಗ, "ಬೀಡಿ ಗೀಡಿ ಇದೆಯಾ?" ಎಂದು ತಮಾಷೆ ಮಾಡಿದೆನೇ ಹೊರತು ಒಲೆಯ ಹೊಗೆಯ ಮಾತು ಎತ್ತಲಿಲ್ಲ. ಅದೇ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ಅವರ ಕಡುಬು ತಿಂದವನು ನಾನು. ಪುಟ್ಟಮ್ಮ ಕೇಳಿದ್ದು ಒಂದೇ: "ಹೋಟ್ಲು ಮುಚ್ಚೋ ಹಂಗೆ ಮಾಡ್ಬೇಡಿ ಡಾಕ್ಟ್ರೇ. ಮತ್ತೆಂತದೂ ಬ್ಯಾಡ ನಂಗೆ."

ಶಿವಮೊಗ್ಗದಿಂದ ಪಂಪು ತರಿಸಿಕೊಟ್ಟೆ. ಹೊರಗೆ ಏಳೆಂಟು ಜನ ಕಾಯುತ್ತಿದ್ದರು. ಬಾಯಿಗೆ ಇಟ್ಟುಕೊಳ್ಳಿ, ಒತ್ತಿ, ಉಸಿರು ಎಳೆದುಕೊಳ್ಳಿ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಅವರು ತಲೆಯಾಡಿಸಿದರು. ಆಮೇಲೆ ಬಂದಾಗಲೆಲ್ಲ "ಪಂಪು ತಗೊಳ್ತಿದ್ದೀರಾ?" ಎಂದು ನಾನು ಕೇಳುವುದು, "ಒಂದಿನಾನೂ ತಪ್ಸಿಲ್ಲ" ಎಂದು ಅವರು ಹೇಳುವುದು. ಉಬ್ಬಸ ಮಾತ್ರ ಇಳಿಯಲಿಲ್ಲ. ನಾಲ್ಕು ತಿಂಗಳು ನೋಡಿ, ಅವರ ಚೀಟಿಯಲ್ಲಿ "ಪಂಪು ನಾಟುವುದಿಲ್ಲ" ಎಂದು ಪಂಡಿತನಂತೆ ಷರಾ ಬರೆದು ಸೂಜಿಗೆ ಮರಳಿದೆ. ಪಂಪನ್ನು ಬಿಡಿ ಎಂದೂ ಹೇಳಲಿಲ್ಲ. ಮುಂದಿನ ಮಳೆಗಾಲ ಹಿಡಿಯುವ ಹೊತ್ತಿಗೆ ಒಲೆಯ ಮುಂದೆ ಕೂರಲಾಗದೆ ಪುಟ್ಟಮ್ಮ ಹೋಟೆಲನ್ನು ಬೇರೆಯವರಿಗೆ ಬಿಟ್ಟುಕೊಟ್ಟರು.

ಅದಾಗಿ ಎರಡು ತಿಂಗಳಿಗೆ, ಊರವರು ಷಾಪು ಎನ್ನುವ ನನ್ನ ದವಾಖಾನೆಯಲ್ಲಿ ಯಾರೂ ಇಲ್ಲದ ಒಂದು ಮಧ್ಯಾಹ್ನ ಅವರು ಬಂದು ಕೂತರು. ನನಗೂ ಪುರುಸೊತ್ತಿತ್ತು. "ಎಲ್ಲಿ, ಒಂದ್ಸಲ ತಗೊಳ್ಳಿ ನೋಡೋಣ" ಎಂದೆ. ಸೆರಗಿನ ಗಂಟು ಬಿಚ್ಚಿ ಪಂಪು ತೆಗೆದು, ತುಟಿಗಿಟ್ಟು, ಒತ್ತಿ, ಎರಡೂ ಕೆನ್ನೆ ಉಬ್ಬಿಸಿ ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಅದರೊಳಕ್ಕೆ ಊದಿದರು. ಔಷಧಿಯೆಲ್ಲ ಗಾಳಿಗೆ ಹೋಯಿತು. ಇಪ್ಪತ್ತು ವರ್ಷ ಕೊಳವೆಯೆಂದರೆ ಊದುವುದಕ್ಕೇ ಎಂದು ಬಾಳಿದವರ ಬಾಯಿಗೆ ನಾನು ಇನ್ನೊಂದು ಕೊಳವೆ ಕೊಟ್ಟು, ಒಂದು ದಿನವೂ ನೋಡದೆ ಬಿಟ್ಟಿದ್ದೆ.

ಸರಿಯಾಗಿ ಎಳೆದುಕೊಳ್ಳುವುದನ್ನು ಕಲಿಸಲು ಹಿಡಿದದ್ದು ಹತ್ತು ನಿಮಿಷ. ಸ್ವಲ್ಪ ಹೊತ್ತಿಗೇ ಎದೆಯ ಸುಂಯ್ ಸದ್ದು ತಗ್ಗಿತು. ಪುಟ್ಟಮ್ಮ ನಡುವೆ ಉಸಿರಿಗಾಗಿ ನಿಲ್ಲಿಸದೆ ಒಂದು ಇಡೀ ಮಾತನ್ನು ಆಡಿದರು.

"ನಾ ಎಂತ ದಡ್ಡಿ ನೋಡಿ ಡಾಕ್ಟ್ರೇ, ಇಷ್ಟ್ ದಿನ ನಿಮ್ಮ ಔಷ್ದಿ ಎಲ್ಲ ಊದಿ ಹಾಳು ಮಾಡ್ದೆ. ಬೇಜಾರ್ ಮಾಡ್ಕೋಬೇಡಿ."

ತಪ್ಪು ನನ್ನದು ಎಂಬ ಮಾತು ಗಂಟಲವರೆಗೆ ಬಂದಿತ್ತು. ಷಾಪಿನಲ್ಲಿ ಕೇಳಿಸಿಕೊಳ್ಳಲು ಮತ್ತೊಬ್ಬರೂ ಇರಲಿಲ್ಲ. ಆದರೂ ನಾನು, "ಹೋಗ್ಲಿ ಬಿಡಿ ಪುಟ್ಟಮ್ಮ, ಇನ್ಮೇಲೆ ಸರಿಯಾಗಿ ತಗೊಳ್ಳಿ" ಎಂದು ದೊಡ್ಡ ಮನಸ್ಸು ಮಾಡಿ ಅವರನ್ನು ಕ್ಷಮಿಸಿ ಕಳಿಸಿದೆ.